ರಕ್ತದಲ್ಲಿನ ಸಣ್ಣ ಅಣುಗಳು: ಕಾರಣವೋ, ಸಾಕ್ಷಿಯೋ?

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಲಂಡನ್ನಿನ ವೈದ್ಯ ಆಲ್ಫ್ರೆಡ್ ಗ್ಯಾರಡ್ ಬಳಸುತ್ತಿದ್ದ ಒಂದು ಪರೀಕ್ಷೆಗೆ ಬೇಕಾಗಿದ್ದದ್ದು ಅಗಲವಾದ ಗಾಜಿನ ತಟ್ಟೆ, ರೋಗಿಯ ರಕ್ತದಿಂದ ಬೇರ್ಪಡಿಸಿದ ಒಂದಿಷ್ಟು ಸೀರಂ, ಕೆಲವು ಹನಿ ಅಸಿಟಿಕ್ ಆಮ್ಲ ಮತ್ತು ಲಿನನ್ ಬಟ್ಟೆಯಿಂದ ಬಿಡಿಸಿದ ಒಂದೆರಡು ಎಳೆ, ಇಷ್ಟೇ. ಎಳೆಗಳನ್ನು ಸೀರಂನಲ್ಲಿ ಮುಳುಗಿಸಿ ಒಂದೆರಡು ದಿನ ಅಲುಗಾಡಿಸದೆ ಬಿಟ್ಟರೆ, ಗೌಟ್ ಎಂಬ ಕೀಲುರೋಗ ಇದ್ದವರ ಸೀರಂನಲ್ಲಿ ಆ ಎಳೆಯ ಮೇಲೆ ಯೂರಿಕ್ ಆಮ್ಲದ ಹರಳುಗಳು ಕಲ್ಲುಸಕ್ಕರೆ ದಾರಕ್ಕೆ ಕಟ್ಟುವಂತೆ ಕಟ್ಟಿಕೊಳ್ಳುತ್ತಿದ್ದವು. ಗೌಟ್ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿರುತ್ತದೆ ಎಂಬುದನ್ನು ಅವರು 1848ರಲ್ಲೇ ತೋರಿಸಿದ್ದರು. ರಕ್ತದಲ್ಲಿರುವ ಒಂದು ಸಣ್ಣ ಅಣುವನ್ನು ಅಳೆದು, ಅದನ್ನು ಒಂದು ನಿರ್ದಿಷ್ಟ ಕಾಯಿಲೆಯೊಂದಿಗೆ ಜೋಡಿಸಿದ ಮೊದಮೊದಲ ಪ್ರಯತ್ನಗಳಲ್ಲಿ ಅದೂ ಒಂದು.

ಅವರ ಮಗ ಆರ್ಚಿಬಾಲ್ಡ್ ಗ್ಯಾರಡ್ ಕೂಡ ವೈದ್ಯರಾದರು. ಅವರ ಗಮನ ಸೆಳೆದದ್ದು ಆಲ್ಕಪ್ಟೊನೂರಿಯ ಎಂಬ ಬಹಳ ಅಪರೂಪದ ಸ್ಥಿತಿ. ಇದಿರುವ ಮಗುವಿನ ಮೂತ್ರ ಗಾಳಿಗೆ ತೆರೆದುಕೊಂಡು ಸ್ವಲ್ಪ ಹೊತ್ತಾದರೆ ಕಪ್ಪಗಾಗುತ್ತದೆ, ಬಟ್ಟೆಯ ಮೇಲೆ ಮಸಿಯಂಥ ಕಲೆ ಉಳಿಯುತ್ತದೆ. ಆ ಕಪ್ಪಿಗೆ ಹೋಮೊಜೆಂಟಿಸಿಕ್ ಆಮ್ಲ ಕಾರಣವೆಂದು ಆಗಲೇ ಗೊತ್ತಿತ್ತು. ಕರುಳಿನ ಯಾವುದೋ ಸೋಂಕಿನಿಂದ ಅದು ಹುಟ್ಟುತ್ತದೆ ಎಂಬ ಊಹೆಯೂ ಚಾಲ್ತಿಯಲ್ಲಿತ್ತು. ಆದರೆ ಈ ಸ್ಥಿತಿ ಹುಟ್ಟಿದಂದಿನಿಂದಲೇ ಇರುತ್ತದೆ, ಒಡಹುಟ್ಟಿದವರಲ್ಲಿ ಮರುಕಳಿಸುತ್ತದೆ, ಅದರಲ್ಲೂ ತಂದೆತಾಯಿ ರಕ್ತಸಂಬಂಧಿಗಳಾಗಿದ್ದ ಮನೆಗಳಲ್ಲಿ ಹೆಚ್ಚಾಗಿ ಕಾಣುತ್ತದೆ ಎಂಬುದನ್ನು ಗಮನಿಸಿದ ಕಿರಿಯ ಗ್ಯಾರಡ್, 1902ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಬೇರೆಯೇ ವಿವರಣೆ ಕೊಟ್ಟರು. ಹೋಮೊಜೆಂಟಿಸಿಕ್ ಆಮ್ಲ ಹೊರಗಿನಿಂದ ಬಂದ ವಿಷವಲ್ಲ. ಅದು ಎಲ್ಲರ ದೇಹದಲ್ಲೂ ಹುಟ್ಟಿ, ಹುಟ್ಟಿದಷ್ಟೇ ಬೇಗ ಮುಂದಿನ ರೂಪಕ್ಕೆ ಬದಲಾಗಿಬಿಡುವ ಒಂದು ನಡುಹಂತ. ಈ ಮಕ್ಕಳಲ್ಲಿ ಮುಂದಿನ ಹೆಜ್ಜೆ ಮಾತ್ರ ಇಲ್ಲ. 1908ರ ಉಪನ್ಯಾಸಗಳಲ್ಲಿ ಅವರು ಇಂಥ ಸ್ಥಿತಿಗಳನ್ನು ಚಯಾಪಚಯದ ಹುಟ್ಟುದೋಷಗಳೆಂದು ಕರೆದರು.

ತಂದೆ ಕಂಡದ್ದು ರಾಶಿಬಿದ್ದ ಅಣುವನ್ನು, ಮಗ ಕಂಡದ್ದು ಅದು ರಾಶಿಬೀಳಲು ಕಾರಣವಾದ ಮುಚ್ಚಿದ ದಾರಿಯನ್ನು. ಇಂದು ಒಂದು ಹನಿ ರಕ್ತದಲ್ಲಿ ಇಂಥ ನೂರಾರು ಅಣುಗಳನ್ನು ಒಂದೇ ಬಾರಿಗೆ ಅಳೆಯಲು ಸಾಧ್ಯವಾಗಿರುವಾಗಲೂ, ಪ್ರತಿಯೊಂದರ ಬಗ್ಗೆ ಕೇಳಬೇಕಾದ ಪ್ರಶ್ನೆ ಬದಲಾಗಿಲ್ಲ: ಈ ಅಣು ಕಾಯಿಲೆಯನ್ನು ತರುತ್ತಿದೆಯೇ, ಕಾಯಿಲೆಯಿಂದ ಹುಟ್ಟುತ್ತಿದೆಯೇ, ಅಥವಾ ಎರಡೂ ಮೂರನೆಯ ಯಾವುದನ್ನೋ ಹಿಂಬಾಲಿಸುತ್ತಿವೆಯೇ? ಅಳೆಯುವ ಶಕ್ತಿ ಈ ಪ್ರಶ್ನೆಗೆ ಉತ್ತರಿಸುವ ಶಕ್ತಿಗಿಂತ ಬಹಳ ಮುಂದೆ ಓಡಿದೆ. ಈ ಕ್ಷೇತ್ರದಿಂದ ಬರುವ ಸುದ್ದಿಗಳಲ್ಲಿನ ಗೊಂದಲದ ದೊಡ್ಡ ಪಾಲು ಈ ಮೂರನ್ನು ಒಂದೆಂದು ತಿಳಿಯುವುದರಿಂದಲೇ ಬರುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೆಟಬೊಲೈಟ್ ಎಂದರೆ ಜೀವಕೋಶಗಳಲ್ಲಿ ಎಡೆಬಿಡದೆ ನಡೆಯುವ ರಾಸಾಯನಿಕ ಕ್ರಿಯೆಗಳಿಗೆ ಕಚ್ಚಾವಸ್ತುವಾಗಿ, ನಡುಹಂತವಾಗಿ ಅಥವಾ ಕೊನೆಯ ಉತ್ಪನ್ನವಾಗಿ ಒದಗುವ ಸಣ್ಣ ಅಣು. ಕನ್ನಡದಲ್ಲಿ ಈ ಕ್ರಿಯೆಗಳ ಒಟ್ಟು ಮೊತ್ತಕ್ಕೆ ಚಯಾಪಚಯ ಎನ್ನುತ್ತೇವೆ. ಚಯ ಎಂದರೆ ಕೂಡಿಸುವುದು, ಅಪಚಯ ಎಂದರೆ ಕಳೆಯುವುದು. ಕಟ್ಟುವ ಮತ್ತು ಕೆಡಹುವ ಎರಡೂ ಕೆಲಸಗಳು ಒಂದೇ ಪದದೊಳಗೆ ಕುಳಿತಿರುವುದರಿಂದ, ಮೆಟಬಾಲಿಸಂ ಎಂಬ ಮೂಲ ಪದಕ್ಕಿಂತ ಈ ಅನುವಾದವೇ ವಿಷಯವನ್ನು ಹೆಚ್ಚು ನಿಖರವಾಗಿ ಹೇಳುತ್ತದೆ. ಗ್ಲುಕೋಸ್, ಲ್ಯಾಕ್ಟೇಟ್, ಅಮೈನೊ ಆಮ್ಲಗಳು, ಕೊಲೆಸ್ಟೆರಾಲ್, ಯೂರಿಯ, ಕ್ರಿಯಾಟಿನಿನ್, ಬಿಲಿರುಬಿನ್ ಇವೆಲ್ಲ ಮೆಟಬೊಲೈಟ್‌ಗಳೇ. ಆ ಹೆಸರನ್ನು ಎಂದೂ ಕೇಳಿರದವರು ಕೂಡ ರಕ್ತಪರೀಕ್ಷೆಯ ವರದಿಯಲ್ಲಿ ಇವುಗಳ ಪಟ್ಟಿಯನ್ನು ನೋಡಿಯೇ ಇರುತ್ತಾರೆ. ಮನುಷ್ಯದೇಹದಲ್ಲಿ ಕಂಡಿರುವ ಮತ್ತು ಇರಬಹುದೆಂದು ನಿರೀಕ್ಷಿಸಲಾಗಿರುವ ಇಂಥ ಅಣುಗಳನ್ನು ದಾಖಲಿಸುವ, ಕೆನಡದ ಆಲ್ಬರ್ಟ ವಿಶ್ವವಿದ್ಯಾಲಯದಲ್ಲಿ ಬೆಳೆದ ದತ್ತಸಂಚಯದ 2022ರ ಆವೃತ್ತಿಯಲ್ಲಿ 2 ಲಕ್ಷ 17 ಸಾವಿರಕ್ಕೂ ಹೆಚ್ಚು ನಮೂದುಗಳಿವೆ. ಇವೆಲ್ಲವನ್ನೂ ನಮ್ಮ ಜೀವಕೋಶಗಳೇ ತಯಾರಿಸುವುದಿಲ್ಲ. ಆಹಾರದಿಂದ ಬಂದವು, ಔಷಧಗಳು ಒಡೆದು ಆದವು, ಕರುಳಿನ ಬ್ಯಾಕ್ಟೀರಿಯಗಳು ಮಾಡಿಕೊಟ್ಟವು ಎಲ್ಲವೂ ಈ ಲೆಕ್ಕದಲ್ಲಿ ಸೇರಿವೆ.

ಇಲ್ಲಿ ಮೊದಲೇ ಬಿಡಿಸಿಕೊಳ್ಳಬೇಕಾದ ಒಂದು ತೊಡಕಿದೆ. ವರದಿಯಲ್ಲಿ ಕಾಣುವ ಸಂಖ್ಯೆ ಕೆರೆಯ ನೀರಿನ ಮಟ್ಟದಂತೆ. ಹೊಳೆ ತುಂಬಿ ಹರಿಯುತ್ತಿದ್ದು ತೂಬು ಪೂರ್ತಿ ತೆರೆದಿದ್ದರೂ ಮಟ್ಟ ಅಷ್ಟೇ ಇರಬಹುದು. ಹೊಳೆ ಬತ್ತಿ ತೂಬು ಮುಚ್ಚಿದ್ದರೂ ಅಷ್ಟೇ ಇರಬಹುದು. ಲ್ಯಾಕ್ಟೇಟ್ ಇದಕ್ಕೆ ಒಳ್ಳೆಯ ನಿದರ್ಶನ. ವಿಶ್ರಾಂತಿಯಲ್ಲಿರುವ ಆರೋಗ್ಯವಂತರ ರಕ್ತದಲ್ಲಿ ಅದರ ಮಟ್ಟ ಗ್ಲುಕೋಸಿನ ಮಟ್ಟದ ಸುಮಾರು ಐದನೆಯ ಒಂದು ಭಾಗದಷ್ಟಿರುತ್ತದೆ. ಬಹುಕಾಲ ಅದನ್ನು ದಣಿದ ಸ್ನಾಯುವಿನ ಕಸವೆಂದೇ ಪಠ್ಯಪುಸ್ತಕಗಳು ಹೇಳುತ್ತಿದ್ದವು. ಆದರೆ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಗುರುತುಹಚ್ಚಿದ ಇಂಗಾಲದ ಪರಮಾಣುಗಳನ್ನು ಇಲಿಗಳ ರಕ್ತಕ್ಕೆ ಸೇರಿಸಿ ಹರಿವನ್ನು ಅಳೆದಾಗ, ಲ್ಯಾಕ್ಟೇಟ್ ರಕ್ತದೊಳಗೆ ಬಂದುಹೋಗುವ ವೇಗ ಗ್ಲುಕೋಸಿಗಿಂತಲೂ ಹೆಚ್ಚಿತ್ತು. ಉಪವಾಸವಿದ್ದ ಇಲಿಗಳಲ್ಲಿ ಅದು ಗ್ಲುಕೋಸಿನ ಎರಡೂವರೆ ಪಟ್ಟಿನಷ್ಟಿತ್ತು. ಕಸವೆಂದು ಬಗೆದಿದ್ದದ್ದು ಅಂಗಾಂಗಗಳ ನಡುವೆ ಓಡಾಡುವ ಇಂಧನವಾಗಿತ್ತು. ಮಟ್ಟವನ್ನು ಮಾತ್ರ ನೋಡುತ್ತಿದ್ದವರಿಗೆ ಇದು ಕಾಣುವುದು ಸಾಧ್ಯವೇ ಇರಲಿಲ್ಲ.

ಅಣುವೇ ಕಾಯಿಲೆಗೆ ಕಾರಣವೆಂದು ಸಂದೇಹವಿಲ್ಲದೆ ಹೇಳಬಹುದಾದ ಸಂದರ್ಭಗಳೂ ಇವೆ, ಅವುಗಳಲ್ಲಿ ಅತ್ಯಂತ ಸ್ಪಷ್ಟವಾದದ್ದು ಫೀನೈಲ್‌ಕೀಟೊನೂರಿಯ. 1934ರಲ್ಲಿ ನಾರ್ವೆಯ ವೈದ್ಯ ಆಸ್‌ಬ್ಯೋರ್ನ್ ಫೋಲಿಂಗ್ ಅವರ ಬಳಿಗೆ ಬುದ್ಧಿಯ ಬೆಳವಣಿಗೆ ತೀವ್ರವಾಗಿ ಕುಂಠಿತವಾಗಿದ್ದ ತನ್ನ ಇಬ್ಬರು ಮಕ್ಕಳನ್ನು ತಾಯಿಯೊಬ್ಬಳು ಕರೆತಂದಳು. ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಬೆರೆಸಿದಾಗ ಫೋಲಿಂಗ್ ನಿರೀಕ್ಷಿಸದೇ ಇದ್ದ ಗಾಢ ಹಸಿರು ಬಣ್ಣ ಕಾಣಿಸಿತು. ಆ ಹಸಿರಿಗೆ ಕಾರಣವಾದ ವಸ್ತುವನ್ನು ಬೇರ್ಪಡಿಸಿದಾಗ ಸಿಕ್ಕಿದ್ದು ಫೀನೈಲ್‌ಪೈರುವಿಕ್ ಆಮ್ಲ. ಯಕೃತ್ತಿನ ಒಂದು ಕಿಣ್ವ ಫೀನೈಲ್‌ಅಲನಿನ್ ಎಂಬ ಅಮೈನೊ ಆಮ್ಲವನ್ನು ಟೈರೊಸಿನ್ ಆಗಿ ಬದಲಿಸಬೇಕು. ಆ ಕಿಣ್ವ ಕೆಲಸ ಮಾಡದಿದ್ದರೆ ಫೀನೈಲ್‌ಅಲನಿನ್ ರಕ್ತದಲ್ಲಿ ಏರುತ್ತಾ ಹೋಗುತ್ತದೆ, ಒಂದು ಪಾಲು ಅಡ್ಡದಾರಿ ಹಿಡಿದು ಮೂತ್ರಕ್ಕೆ ಸೇರುತ್ತದೆ. ರಕ್ತದಿಂದ ಮಿದುಳಿಗೆ ಹಲವು ಅಮೈನೊ ಆಮ್ಲಗಳು ಒಂದೇ ಬಾಗಿಲಿನಿಂದ ಒಳಹೋಗಬೇಕಾದ್ದರಿಂದ, ಫೀನೈಲ್‌ಅಲನಿನ್ ಆ ಬಾಗಿಲನ್ನು ತಾನೇ ತುಂಬಿಕೊಂಡು ಉಳಿದವನ್ನು ಹೊರಗೆ ನಿಲ್ಲಿಸುತ್ತದೆ.

ಇಷ್ಟಾದರೂ ಇದು ಕಾರಣವೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಸುಮಾರು ಇಪ್ಪತ್ತು ವರ್ಷಗಳ ನಂತರ. 1953ರಲ್ಲಿ ಹಾರ್ಸ್ಟ್ ಬಿಕೆಲ್ ಮತ್ತು ಸಹೋದ್ಯೋಗಿಗಳು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಎರಡು ವರ್ಷದ ಒಂದು ಮಗುವಿಗೆ ಫೀನೈಲ್‌ಅಲನಿನ್ ಬಹಳ ಕಡಿಮೆಯಿರುವ ಆಹಾರ ಕೊಟ್ಟ ವಿವರವನ್ನು ಪ್ರಕಟಿಸಿದರು. ಮಗು ಚೇತರಿಸಿಕೊಂಡಿತು; ಆ ಅಮೈನೊ ಆಮ್ಲವನ್ನು ಮತ್ತೆ ಸೇರಿಸಿದಾಗ ಸ್ಥಿತಿ ಹದಗೆಟ್ಟಿತು. ತೆಗೆದರೆ ಗುಣ, ಸೇರಿಸಿದರೆ ದೋಷ ಎಂಬ ಈ ಪುರಾವೆಯೇ ಕಾರಣವನ್ನು ಸಾಕ್ಷಿಯಿಂದ ಬೇರ್ಪಡಿಸುವ ಗೆರೆ. ಮುಂದೆ 1960ರ ದಶಕದ ಆರಂಭದಲ್ಲಿ ಅಮೆರಿಕದ ರಾಬರ್ಟ್ ಗಥ್ರಿ, ನವಜಾತ ಶಿಶುವಿನ ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತವನ್ನು ಸೋಸುಕಾಗದದ ಮೇಲೆ ಒಣಗಿಸಿ ಪರೀಕ್ಷಿಸುವ ವಿಧಾನವನ್ನು ರೂಪಿಸಿದರು. ಲಕ್ಷಣಗಳು ಕಾಣುವ ಮೊದಲೇ ಆಹಾರವನ್ನು ಬದಲಿಸಿದರೆ ಆ ಮಕ್ಕಳ ಬುದ್ಧಿ ಸಹಜವಾಗಿ ಬೆಳೆಯುತ್ತದೆ. 1990ರ ದಶಕದಿಂದೀಚೆಗೆ ಅದೇ ಒಣಗಿದ ರಕ್ತದ ಚುಕ್ಕೆಯಿಂದ, ಅಣುಗಳನ್ನು ಅವುಗಳ ತೂಕದಿಂದ ಗುರುತಿಸುವ ಜೋಡಿ ಮಾಸ್ ಸ್ಪೆಕ್ಟ್ರೊಮೀಟರ್ ಬಳಸಿ, ಹತ್ತಾರು ಹುಟ್ಟುದೋಷಗಳನ್ನು ಒಟ್ಟಿಗೆ ಪತ್ತೆಹಚ್ಚಲಾಗುತ್ತಿದೆ. ಮೆಟಬೊಲೈಟ್‌ಗಳ ವಿಜ್ಞಾನ ಮನುಷ್ಯರಿಗೆ ಮಾಡಿರುವ ಉಪಕಾರಗಳಲ್ಲಿ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ. ಆದರೂ ಸುದ್ದಿಯಾಗುವುದು ಬಹಳ ಅಪರೂಪ.

ವಿಷಶಾಸ್ತ್ರದಲ್ಲೂ ಇದೇ ಬಗೆಯ ಖಚಿತತೆ ಇದೆ. ಮೆಥನಾಲ್ ಕುಡಿದವರನ್ನು ಕುರುಡಾಗಿಸುವುದು ಮುಖ್ಯವಾಗಿ ಮೆಥನಾಲ್ ಅಲ್ಲ, ಯಕೃತ್ತು ಅದನ್ನು ಎರಡು ಹೆಜ್ಜೆಗಳಲ್ಲಿ ಬದಲಿಸಿ ಮಾಡುವ ಫಾರ್ಮಿಕ್ ಆಮ್ಲ. ಆದ್ದರಿಂದಲೇ ಮೊದಲ ಹೆಜ್ಜೆಯ ಕಿಣ್ವವನ್ನು ತಡೆಯುವ ಫೋಮೆಪಿಜೋಲ್ ಇಲ್ಲಿ ಔಷಧವಾಗುತ್ತದೆ. ಅತಿಯಾದ ಪ್ಯಾರಸಿಟಮಾಲ್ ಯಕೃತ್ತನ್ನು ಕೆಡಿಸುವುದೂ ತನ್ನ ಮೂಲರೂಪದಲ್ಲಲ್ಲ, ಅದರಿಂದ ಹುಟ್ಟುವ ಒಂದು ತೀವ್ರ ಕ್ರಿಯಾಶೀಲ ಅಣುವಿನ ಮೂಲಕ. ಸಾಮಾನ್ಯ ಪ್ರಮಾಣದಲ್ಲಿ ಜೀವಕೋಶದ ಗ್ಲುಟಥಯೋನ್ ಆ ಅಣುವನ್ನು ಹಿಡಿದು ಸುಮ್ಮನಾಗಿಸುತ್ತದೆ; ಗ್ಲುಟಥಯೋನ್ ಮುಗಿದರೆ ಹಾನಿ ಶುರುವಾಗುತ್ತದೆ. ಚಿಕಿತ್ಸೆಯಾಗಿ ಕೊಡುವ ಎನ್-ಅಸಿಟೈಲ್‌ಸಿಸ್ಟೀನ್ ಮಾಡುವ ಕೆಲಸ ಆ ಸಂಗ್ರಹವನ್ನು ಮತ್ತೆ ತುಂಬುವುದು.

ಕ್ಯಾನ್ಸರ್ ವಿಚಾರಕ್ಕೆ ಬಂದರೆ ಕಥೆ ಹೆಚ್ಚು ಸಂಕೀರ್ಣವಾಗುತ್ತದೆ, ನನ್ನ ಮಟ್ಟಿಗೆ ಹೆಚ್ಚು ಕುತೂಹಲಕರವೂ ಆಗುತ್ತದೆ. 1920ರ ದಶಕದಲ್ಲಿ ಜರ್ಮನಿಯ ಓಟೊ ವಾರ್‌ಬರ್ಗ್, ಗಡ್ಡೆಯ ಜೀವಕೋಶಗಳು ಆಮ್ಲಜನಕ ಸಾಕಷ್ಟಿದ್ದಾಗಲೂ ಗ್ಲುಕೋಸನ್ನು ಪೂರ್ತಿ ಉರಿಸದೆ ಲ್ಯಾಕ್ಟೇಟ್ ಆಗಿ ಹೊರಹಾಕುತ್ತವೆ ಎಂದು ಕಂಡುಕೊಂಡರು. ಜೀವಕೋಶದೊಳಗಿನ ಉಸಿರಾಟದ ಯಂತ್ರ ಕೆಟ್ಟಿರುವುದೇ ಕ್ಯಾನ್ಸರಿನ ಮೂಲ ಎಂಬ ಅವರ ತೀರ್ಮಾನ ನಿಲ್ಲಲಿಲ್ಲ, ಏಕೆಂದರೆ ಬಹಳಷ್ಟು ಗಡ್ಡೆಗಳಲ್ಲಿ ಆ ಯಂತ್ರ ಸರಿಯಾಗಿಯೇ ಇರುತ್ತದೆ. ಆದರೆ ಅವರ ವೀಕ್ಷಣೆ ನಿಂತಿತು: ಗುರುತು ಹಚ್ಚಿದ ಗ್ಲುಕೋಸಿನಂಥ ಅಣುವನ್ನು ದೇಹಕ್ಕೆ ಕೊಟ್ಟು, ಅದನ್ನು ಹಸಿವಿನಿಂದ ಹೀರುವ ಗಡ್ಡೆಗಳನ್ನು ಪೆಟ್ ಸ್ಕ್ಯಾನ್‌ನಲ್ಲಿ ಗುರುತಿಸುವುದು ಆ ವೀಕ್ಷಣೆಯ ನೇರ ಫಲ.

ಮೆಟಬೊಲೈಟ್ ಒಂದು ಕ್ಯಾನ್ಸರನ್ನು ಹುಟ್ಟುಹಾಕಬಲ್ಲದು ಎಂಬುದಕ್ಕೆ ಗಟ್ಟಿ ಆಧಾರ ಬಂದದ್ದು ಬಹಳ ತಡವಾಗಿ. 2008ರಲ್ಲಿ ಮಿದುಳಿನ ಗ್ಲಯೋಮ ಗಡ್ಡೆಗಳ ಜೀನ್‌ಗಳನ್ನು ಓದುತ್ತಿದ್ದವರಿಗೆ ಐಡಿಎಚ್1 ಎಂಬ ಸಾಧಾರಣ ಕಿಣ್ವದ ಜೀನ್‌ನಲ್ಲಿ ಮತ್ತೆಮತ್ತೆ ಒಂದೇ ಜಾಗದಲ್ಲಿ ಬದಲಾವಣೆ ಕಾಣಿಸಿತು. ಕಿಣ್ವ ಕೆಟ್ಟಿದೆ, ಕೆಲಸ ನಿಂತಿದೆ ಎಂಬುದು ಸಹಜವಾದ ಮೊದಲ ಊಹೆ. ಮರುವರ್ಷವೇ ಆ ಊಹೆ ತಲೆಕೆಳಗಾಯಿತು. ಬದಲಾದ ಕಿಣ್ವ ಸುಮ್ಮನಿರದೆ ಹೊಸ ಕೆಲಸವೊಂದನ್ನು ಹಿಡಿದಿತ್ತು: ತಾನು ಮಾಡಬೇಕಾಗಿದ್ದ ಆಲ್ಫ-ಕೀಟೊಗ್ಲುಟರೇಟ್ ಅಣುವನ್ನೇ 2-ಹೈಡ್ರಾಕ್ಸಿಗ್ಲುಟರೇಟ್ ಎಂಬ, ಸಾಮಾನ್ಯವಾಗಿ ನಗಣ್ಯ ಪ್ರಮಾಣದಲ್ಲಿರುವ ಅಣುವಾಗಿ ಬದಲಿಸಿ ರಾಶಿಹಾಕುತ್ತಿತ್ತು. ಎರಡೂ ಅಣುಗಳು ನೋಡಲು ಎಷ್ಟು ಹೋಲುತ್ತವೆಂದರೆ, ಆಲ್ಫ-ಕೀಟೊಗ್ಲುಟರೇಟನ್ನು ಅವಲಂಬಿಸಿ ಡಿಎನ್‌ಎ ಮೇಲಿನ ರಾಸಾಯನಿಕ ಗುರುತುಗಳನ್ನು ಅಳಿಸುವ ಕಿಣ್ವಗಳು ಈ ಹುಸಿ ಅಣುವನ್ನು ಹಿಡಿದುಕೊಂಡು ಸ್ತಬ್ಧವಾಗುತ್ತವೆ. ಅಳಿಯಬೇಕಾದ ಗುರುತುಗಳು ಅಳಿಯುವುದಿಲ್ಲ. ಬೆಳೆದು ಪಕ್ವವಾಗಬೇಕಾದ ಜೀವಕೋಶ ಎಳೆಯದಾಗಿಯೇ ಉಳಿದು ವಿಭಜಿಸುತ್ತಾ ಹೋಗುತ್ತದೆ. ಈ ಅಣುವಿನ ಉತ್ಪಾದನೆಯನ್ನೇ ತಡೆಯುವ ಔಷಧಗಳು ಬಂದಿವೆ: ಒಂದು ಬಗೆಯ ರಕ್ತ ಕ್ಯಾನ್ಸರಿಗೆ 2017ರಲ್ಲಿ ಎನಾಸಿಡೆನಿಬ್, 2018ರಲ್ಲಿ ಐವೊಸಿಡೆನಿಬ್, ಕಡಿಮೆ ತೀವ್ರತೆಯ ಗ್ಲಯೋಮಕ್ಕೆ 2024ರಲ್ಲಿ ವೊರಾಸಿಡೆನಿಬ್ ಅಮೆರಿಕದಲ್ಲಿ ಒಪ್ಪಿಗೆ ಪಡೆದವು. ಸಕ್ಸಿನೇಟ್ ಮತ್ತು ಫ್ಯೂಮರೇಟ್‌ಗಳೂ ಹೀಗೆಯೇ ವಿರಳವಾದ ಕೆಲವು ಆನುವಂಶಿಕ ಗಡ್ಡೆಗಳಲ್ಲಿ ರಾಶಿಬಿದ್ದು, ಆಮ್ಲಜನಕ ಇದ್ದರೂ ಇಲ್ಲವೆಂಬ ಸುಳ್ಳು ಸಂದೇಶವನ್ನು ಜೀವಕೋಶಕ್ಕೆ ಕೊಡುತ್ತವೆ. ಮೆಟಬೊಲೈಟ್ ಬರೀ ಇಂಧನ ಅಥವಾ ಬೂದಿ ಎಂಬ ಹಳೆಯ ಕಲ್ಪನೆಗೆ ಇಲ್ಲಿ ಜಾಗವಿಲ್ಲ. ಅದು ಸಂದೇಶವೂ ಹೌದು.

ಕರುಳಿನ ಬ್ಯಾಕ್ಟೀರಿಯಗಳು ಕಳುಹಿಸುವ ಸಂದೇಶಗಳನ್ನು ಓದುವುದು ಇಷ್ಟು ಸುಲಭವಾಗಿಲ್ಲ. ನಾವು ಜೀರ್ಣಿಸಿಕೊಳ್ಳಲಾಗದ ನಾರನ್ನು ಅವು ಹುದುಗಿಸಿ ಮಾಡುವ ಬ್ಯುಟಿರೇಟ್ ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಇಂಧನ ಎಂಬಷ್ಟರಲ್ಲಿ ಭಿನ್ನಾಭಿಪ್ರಾಯವಿಲ್ಲ. ವಿವಾದ ಇರುವುದು ಟಿಎಮ್‌ಎಒ ಎಂಬ ಅಣುವಿನ ಬಗ್ಗೆ. ಕೋಲಿನ್, ಕಾರ್ನಿಟಿನ್‌ಗಳಂಥ ಪೋಷಕಾಂಶಗಳನ್ನು ಕೆಲವು ಬ್ಯಾಕ್ಟೀರಿಯಗಳು ಟ್ರೈಮೀಥೈಲಮೀನ್ ಎಂಬ ಅನಿಲವಾಗಿ ಒಡೆಯುತ್ತವೆ, ಯಕೃತ್ತು ಅದಕ್ಕೆ ಆಮ್ಲಜನಕ ಸೇರಿಸಿ ಟಿಎಮ್‌ಎಒ ಮಾಡುತ್ತದೆ, ಮೂತ್ರಪಿಂಡ ಅದನ್ನು ಹೊರಹಾಕುತ್ತದೆ. 2011ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಸ್ಟ್ಯಾನ್ಲಿ ಹೇಜನ್ ಅವರ ತಂಡ ಈ ಅಣುವನ್ನು ಅಪಧಮನಿಗಳ ಕಾಯಿಲೆಯೊಂದಿಗೆ ಜೋಡಿಸಿತು. 2013ರಲ್ಲಿ ಅದೇ ತಂಡ 4,007 ಜನರನ್ನು ಮೂರು ವರ್ಷ ಗಮನಿಸಿ, ಟಿಎಮ್‌ಎಒ ಅತಿ ಹೆಚ್ಚಿದ್ದ ಕಾಲುಭಾಗದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಅಪಾಯ ಅತಿ ಕಡಿಮೆಯಿದ್ದ ಕಾಲುಭಾಗದವರಿಗಿಂತ ಸುಮಾರು ಎರಡೂವರೆ ಪಟ್ಟು ಎಂದು ವರದಿ ಮಾಡಿತು. ಬ್ಯಾಕ್ಟೀರಿಯನಾಶಕ ಔಷಧ ಕೊಟ್ಟಾಗ ಟಿಎಮ್‌ಎಒ ಇಳಿದು, ನಿಲ್ಲಿಸಿದ ಮೇಲೆ ಮತ್ತೆ ಏರಿತು. ಅದು ಬ್ಯಾಕ್ಟೀರಿಯಗಳ ಕೆಲಸವೇ ಎಂಬುದು ಹೀಗೆ ಸಾಬೀತಾಯಿತು.

ಆದರೆ ಬ್ಯಾಕ್ಟೀರಿಯಗಳು ಅದನ್ನು ಮಾಡುತ್ತವೆ ಎಂಬುದು ಬೇರೆ, ಅದು ಹೃದಯವನ್ನು ಕೆಡಿಸುತ್ತದೆ ಎಂಬುದು ಬೇರೆ. ರಕ್ತದ ಟಿಎಮ್‌ಎಒ ಮಟ್ಟವನ್ನು ಬಹಳ ಬೇಗ ಏರಿಸುವ ಆಹಾರ ಮೀನು, ಅದೂ ಹೃದಯಕ್ಕೆ ಒಳ್ಳೆಯದೆಂದು ಹೆಸರಾದದ್ದು. ಮೂತ್ರಪಿಂಡ ಸ್ವಲ್ಪ ಮಂಕಾದರೂ ಮಟ್ಟ ಏರುತ್ತದೆ, ಮಂಕಾದ ಮೂತ್ರಪಿಂಡ ತಾನೇ ಹೃದ್ರೋಗದ ದೊಡ್ಡ ಮುನ್ಸೂಚನೆ. 2019ರಲ್ಲಿ ಆನುವಂಶಿಕ ಮಾಹಿತಿಯನ್ನು ಬಳಸಿ ನಡೆಸಿದ ವಿಶ್ಲೇಷಣೆಯೊಂದು, ಟಿಎಮ್‌ಎಒ ಹೃದ್ರೋಗವನ್ನು ತರುತ್ತದೆ ಎಂಬುದಕ್ಕೆ ಬೆಂಬಲ ಕಾಣದೆ, ಮಧುಮೇಹ ಮತ್ತು ಮೂತ್ರಪಿಂಡದ ಕಾಯಿಲೆಗಳೇ ಟಿಎಮ್‌ಎಒವನ್ನು ಏರಿಸುತ್ತವೆ ಎಂಬ ಕಡೆಗೆ ಬೆರಳು ತೋರಿಸಿತು. ಪ್ರಾಣಿಗಳಲ್ಲಿನ ಪ್ರಯೋಗಗಳು ಇನ್ನೊಂದು ಕಡೆಗೆ ಎಳೆಯುತ್ತವೆ. ಮನುಷ್ಯರಲ್ಲಿ ಟಿಎಮ್‌ಎಒವನ್ನು ಮಾತ್ರ ಇಳಿಸಿ ಹೃದಯಾಘಾತಗಳು ಇಳಿಯುತ್ತವೆಯೇ ಎಂದು ದೊಡ್ಡ ಪ್ರಮಾಣದಲ್ಲಿ ನೋಡುವ ತನಕ ಈ ಅಣುವನ್ನು ಅಪರಾಧಿಯೆಂದು ಕರೆಯುವುದು ಆತುರದ ಮಾತು.

ಆ ಆತುರದ ಬೆಲೆ ಏನೆಂಬುದನ್ನು ಹೋಮೊಸಿಸ್ಟೀನ್ ಎಂಬ ಅಮೈನೊ ಆಮ್ಲ ಈಗಾಗಲೇ ತೋರಿಸಿಕೊಟ್ಟಿದೆ. ಹೋಮೊಸಿಸ್ಟಿನೂರಿಯ ಎಂಬ ಹುಟ್ಟುದೋಷ ಇರುವ ಮಕ್ಕಳಲ್ಲಿ ಎಳೆಯ ವಯಸ್ಸಿನಲ್ಲೇ ರಕ್ತನಾಳಗಳು ಹಾಳಾಗಿ ರಕ್ತ ಹೆಪ್ಪುಗಟ್ಟುತ್ತದೆ. ಅಂಥ ಮಕ್ಕಳ ಅಪಧಮನಿಗಳನ್ನು ಪರಿಶೀಲಿಸಿದ ಅಮೆರಿಕದ ರೋಗಶಾಸ್ತ್ರಜ್ಞ ಕಿಲ್ಮರ್ ಮೆಕಲಿ, ಸಾಮಾನ್ಯ ಜನರ ಹೃದ್ರೋಗದಲ್ಲೂ ಹೋಮೊಸಿಸ್ಟೀನ್ ಕೈವಾಡವಿರಬಹುದೆಂದು 1969ರಲ್ಲಿ ಸೂಚಿಸಿದರು. ಮುಂದಿನ ದಶಕಗಳಲ್ಲಿ ನಡೆದ ಅಧ್ಯಯನಗಳು, ಹೋಮೊಸಿಸ್ಟೀನ್ ಸ್ವಲ್ಪ ಹೆಚ್ಚಿರುವವರಲ್ಲಿ ಹೃದಯಾಘಾತವೂ ಹೆಚ್ಚೆಂದು ತೋರಿಸುತ್ತಾ ಹೋದವು. ಫೋಲಿಕ್ ಆಮ್ಲ ಮತ್ತು ಬಿ ಗುಂಪಿನ ಇತರ ವಿಟಮಿನ್‌ಗಳು ಅದರ ಮಟ್ಟವನ್ನು ಇಳಿಸುತ್ತವೆ. ಇಷ್ಟು ಸುಲಭದ, ಅಗ್ಗದ ಚಿಕಿತ್ಸೆ ಬೇರೆಲ್ಲಿ ಸಿಕ್ಕೀತು? 2006ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳು, 5,522 ಜನರ ಹೋಪ್-2 ಮತ್ತು 3,749 ಜನರ ನಾರ್ವಿಟ್, ಉತ್ತರ ಕೊಟ್ಟವು: ವಿಟಮಿನ್ ಕೊಟ್ಟವರಲ್ಲಿ ಹೋಮೊಸಿಸ್ಟೀನ್ ನಿಜಕ್ಕೂ ಇಳಿಯಿತು, ಹೃದಯಾಘಾತ ಇಳಿಯಲಿಲ್ಲ. ಹೋಪ್-2ರಲ್ಲಿ ಪಾರ್ಶ್ವವಾಯು ಸ್ವಲ್ಪ ಕಡಿಮೆಯಾದದ್ದು ಮಾತ್ರ ಉಳಿದ ಸಮಾಧಾನ. ಹಾಗೆಂದು ಮೆಕಲಿ ನೋಡಿದ್ದು ಸುಳ್ಳಲ್ಲ. ಲೀಟರಿಗೆ 100 ಮೈಕ್ರೊಮೋಲ್ ದಾಟುವ ಹುಟ್ಟುದೋಷದಲ್ಲಿ ಆ ಅಣು ನಿಜವಾದ ಕಾರಣ, ಅದನ್ನು ಇಳಿಸುವುದು ಜೀವ ಉಳಿಸುವ ಕೆಲಸ. 10ರ ಬದಲು 15 ಇರುವವರಲ್ಲಿ ಅದೇ ಅಣು ಬೇರೇನನ್ನೋ ಸೂಚಿಸುತ್ತಿರುವ ಗುರುತು. ಪ್ರಮಾಣ ಬದಲಾದರೆ ಪಾತ್ರವೂ ಬದಲಾಗುತ್ತದೆ ಎಂಬುದನ್ನು ಅಂದು ಯಾರೂ ಸಾಕಷ್ಟು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಇಂಥ ಎಡವಟ್ಟನ್ನು ಮೊದಲೇ ತಪ್ಪಿಸಲು ಈಗ ಬಳಸುತ್ತಿರುವ ಒಂದು ಉಪಾಯ ಮೆಂಡೆಲನ ಹೆಸರಿನಲ್ಲಿದೆ. ಯಾವ ಜೀನ್ ಯಾರ ಪಾಲಿಗೆ ಬರುತ್ತದೆ ಎಂಬುದು ಗರ್ಭದಲ್ಲಿ ಚೀಟಿ ಎತ್ತಿದಂತೆ ತೀರ್ಮಾನವಾಗುತ್ತದೆ. ಅದಕ್ಕೆ ಮುಂದಿನ ಜೀವನದ ಆಹಾರ, ಚಟ, ಕಾಯಿಲೆಗಳ ಹಂಗಿಲ್ಲ. ಆದ್ದರಿಂದ ಒಂದು ಅಣುವಿನ ಮಟ್ಟವನ್ನು ಹುಟ್ಟಿನಿಂದಲೇ ಸ್ವಲ್ಪ ಏರಿಸುವ ಜೀನ್ ಪಡೆದವರಲ್ಲಿ ಕಾಯಿಲೆಯೂ ಹೆಚ್ಚಿದ್ದರೆ ಆ ಅಣು ಕಾರಣವಾಗಿರುವ ಸಾಧ್ಯತೆ ಬಲವಾಗುತ್ತದೆ. ಗ್ಯಾರಡ್ ಅವರ ಯೂರಿಕ್ ಆಮ್ಲವನ್ನು ಈ ಒರೆಗೆ ಹಚ್ಚಿದಾಗ ಗೌಟ್ ವಿಷಯದಲ್ಲಿ ಅದು ಸ್ಪಷ್ಟವಾಗಿ ತಪ್ಪಿತಸ್ಥ. ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂ ಮೀರಿದರೆ ಅದು ಹರಳುಗಟ್ಟಬಲ್ಲದು ಎಂಬ ಸರಳ ರಸಾಯನವಿಜ್ಞಾನವೂ ಅದನ್ನೇ ಹೇಳುತ್ತದೆ, ಆ ಮಟ್ಟ ಮೀರಿದ ಹಲವರಿಗೆ ಗೌಟ್ ಬರುವುದೇ ಇಲ್ಲ ಎಂಬುದು ನಿಜವಾದರೂ. ಹೃದ್ರೋಗದ ವಿಷಯದಲ್ಲಿ ಪುರಾವೆ ದುರ್ಬಲ. ಯೂರಿಕ್ ಆಮ್ಲ ಇಳಿಸುವ ಅಲೊಪ್ಯೂರಿನಾಲ್ ಔಷಧವನ್ನು ಹೃದ್ರೋಗ ಇರುವ ಐದು ಸಾವಿರಕ್ಕೂ ಹೆಚ್ಚು ಹಿರಿಯರಲ್ಲಿ ಪರೀಕ್ಷಿಸಿದ ಬ್ರಿಟನ್ನಿನ ಪ್ರಯೋಗದ ಫಲಿತಾಂಶ 2022ರಲ್ಲಿ ಬಂದಾಗ ಹೃದಯಕ್ಕೆ ಯಾವ ಲಾಭವೂ ಕಾಣಲಿಲ್ಲ.

ಈ ಒರೆಗಲ್ಲೂ ಎಲ್ಲ ಕಡೆ ಒಂದೇ ಉತ್ತರ ಕೊಡುವುದಿಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದ ರಕ್ತದ ಮಾದರಿಗಳಲ್ಲಿ ಐಸೊಲ್ಯೂಸಿನ್, ಲ್ಯೂಸಿನ್, ವ್ಯಾಲಿನ್, ಟೈರೊಸಿನ್, ಫೀನೈಲ್‌ಅಲನಿನ್ ಎಂಬ ಐದು ಅಮೈನೊ ಆಮ್ಲಗಳು ಹೆಚ್ಚಿದ್ದವರಿಗೆ ಮುಂದಿನ ಹನ್ನೆರಡು ವರ್ಷಗಳಲ್ಲಿ ಮಧುಮೇಹ ಬರುವ ಸಂಭವ ಹೆಚ್ಚು ಎಂಬುದು 2011ರಲ್ಲಿ ಪ್ರಕಟವಾಯಿತು. ಗ್ಲುಕೋಸ್ ಇನ್ನೂ ಸಹಜವಾಗಿದ್ದಾಗಲೇ ಸಿಗುವ ಈ ಸೂಚನೆ ಮುನ್ನೆಚ್ಚರಿಕೆಯಾಗಿ ಅಮೂಲ್ಯ. ಆದರೆ ಅವುಗಳಲ್ಲಿ ಕವಲೊಡೆದ ರಚನೆಯ ಮೊದಲ ಮೂರು ಅಮೈನೊ ಆಮ್ಲಗಳೇ ಮಧುಮೇಹ ತರುತ್ತವೆಯೇ, ಅಥವಾ ಇನ್ಸುಲಿನ್‌ಗೆ ದೇಹ ಮಣಿಯದಿರುವುದರಿಂದ ಅವು ರಕ್ತದಲ್ಲಿ ಉಳಿದುಬಿಡುತ್ತವೆಯೇ ಎಂದು ಕೇಳಿದರೆ, ಆನುವಂಶಿಕ ಅಧ್ಯಯನಗಳಲ್ಲಿ ಕೆಲವು ಒಂದು ಕಡೆ, ಕೆಲವು ಇನ್ನೊಂದು ಕಡೆ ನಿಲ್ಲುತ್ತವೆ. ಎರಡೂ ಒಟ್ಟಿಗೆ ನಿಜವಾಗಿರಬಾರದೆಂದೇನೂ ಇಲ್ಲ.

ಇಷ್ಟೆಲ್ಲ ಅನಿಶ್ಚಿತತೆಯ ನಡುವೆ ಯಂತ್ರಗಳು ಮಾತ್ರ ವೇಗವಾಗಿ ಮುಂದುವರಿದಿವೆ. ಅಮೆರಿಕದ ರಸಾಯನವಿಜ್ಞಾನಿ ಲೈನಸ್ ಪಾಲಿಂಗ್ 1971ರಲ್ಲಿ ಮನುಷ್ಯರ ಉಸಿರಿನಲ್ಲಿ ಸುಮಾರು 250, ಮೂತ್ರದ ಆವಿಯಲ್ಲಿ ಸುಮಾರು 280 ವಸ್ತುಗಳನ್ನು ಬೇರ್ಪಡಿಸಿ ತೋರಿಸಿದ್ದು ಆಗ ಬೆರಗಿನ ಸಂಗತಿ. ಇಂದು ಮಾಸ್ ಸ್ಪೆಕ್ಟ್ರೊಮೀಟರ್ ಒಂದೇ ಮಾದರಿಯಿಂದ ಸಾವಿರಾರು ಸಂಕೇತಗಳನ್ನು ಎತ್ತಿಕೊಡುತ್ತದೆ. ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ತನ್ನ ಐದು ಲಕ್ಷ ಸ್ವಯಂಸೇವಕರ ರಕ್ತದ ಮಾದರಿಗಳಿಗೆ ಕಾಂತೀಯ ಅನುರಣನದ ವಿಧಾನದಲ್ಲಿ 249 ಅಳತೆಗಳನ್ನು ಜೋಡಿಸುವ ಕೆಲಸ ಕೈಗೊಂಡಿತು. ಈ ಸಮೃದ್ಧಿಯ ಒಳಗಿನ ಕೊರತೆ ಏನೆಂದರೆ, ಮಾಸ್ ಸ್ಪೆಕ್ಟ್ರೊಮೀಟರ್ ತೋರಿಸುವ ಸಂಕೇತಗಳಲ್ಲಿ ಬಹುಪಾಲು ಯಾವ ಅಣುವಿನದೆಂದು ಗುರುತಿಸಲು ಆಗುವುದಿಲ್ಲ. ಗುರುತಾದವುಗಳಲ್ಲೂ ಎಲ್ಲವೂ ಬಾಳುವುದಿಲ್ಲ: ಪ್ರಾಸ್ಟೇಟ್ ಕ್ಯಾನ್ಸರಿನ ತೀವ್ರತೆಯನ್ನು ಮೂತ್ರದ ಸಾರ್ಕೊಸಿನ್ ಹೇಳಬಲ್ಲದು ಎಂದು 2009ರಲ್ಲಿ ದೊಡ್ಡ ಭರವಸೆ ಹುಟ್ಟಿತು, ಬೇರೆ ತಂಡಗಳು ತಮ್ಮ ರೋಗಿಗಳಲ್ಲಿ ನೋಡಿದಾಗ ಆ ಭರವಸೆ ಬಹುಮಟ್ಟಿಗೆ ಕರಗಿತು.

ಮಾದರಿಯನ್ನು ಹೇಗೆ ತೆಗೆದರು, ಎಷ್ಟು ಹೊತ್ತು ಇಟ್ಟರು ಎಂಬ ಸಣ್ಣ ಸಂಗತಿಯೂ ಇಲ್ಲಿ ದೊಡ್ಡದೇ. ಕೊಳವೆಯೊಳಗಿನ ರಕ್ತಕಣಗಳು ಇನ್ನೂ ಜೀವಂತವಾಗಿರುತ್ತವೆ, ತಿನ್ನುತ್ತಲೇ ಇರುತ್ತವೆ. ಕಣಗಳನ್ನು ಬೇರ್ಪಡಿಸದೆ ಕೋಣೆಯ ಉಷ್ಣತೆಯಲ್ಲಿ ಬಿಟ್ಟರೆ ಗ್ಲುಕೋಸ್ ಗಂಟೆಗೆ ಶೇಕಡ 5ರಿಂದ 7ರಷ್ಟು ಇಳಿಯುತ್ತದೆ, ಲ್ಯಾಕ್ಟೇಟ್ ಏರುತ್ತದೆ. ಹಿಂದಿನ ದಿನದ ಊಟ, ನಿದ್ರೆ, ವ್ಯಾಯಾಮ, ತಿಂಗಳ ಚಕ್ರ, ತೆಗೆದುಕೊಂಡ ಮಾತ್ರೆ ಎಲ್ಲವೂ ತಂತಮ್ಮ ಗುರುತು ಬಿಡುತ್ತವೆ. ನೂರಾರು ಮೆಟಬೊಲೈಟ್‌ಗಳನ್ನು ಒಮ್ಮೆ ಅಳೆದು ದೇಹದ ನಿಜವಾದ ವಯಸ್ಸು, ಮುಂದೆ ಬರಲಿರುವ ಕಾಯಿಲೆ, ತಿನ್ನಬೇಕಾದ ಪೂರಕಗಳು ಎಲ್ಲವನ್ನೂ ಹೇಳುತ್ತೇವೆ ಎಂದು ಆರೋಗ್ಯವಂತರಿಗೆ ಮಾರುವ ಪರೀಕ್ಷೆಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಸಂಖ್ಯಾಶಾಸ್ತ್ರದ ಒಂದು ಸರಳ ಲೆಕ್ಕವೂ ಇದೆ: ಸಹಜ ಮಿತಿ ಎಂಬುದು ಆರೋಗ್ಯವಂತರಲ್ಲಿ ಶೇಕಡ 95 ಜನರನ್ನು ಒಳಗೊಳ್ಳುವಂತೆ ಗುರುತಿಸಿದ್ದಾದ್ದರಿಂದ, ಒಂದಕ್ಕೊಂದು ಸಂಬಂಧವಿಲ್ಲದ 200 ಅಣುಗಳನ್ನು ಅಳೆದರೆ ಪೂರ್ಣ ಆರೋಗ್ಯವಂತರಲ್ಲೂ ಸುಮಾರು 10 ಅಣುಗಳು ಮಿತಿಯಾಚೆ ಕಾಣಿಸುತ್ತವೆ. ಆ ಹತ್ತಕ್ಕೂ ಒಂದೊಂದು ಡಬ್ಬಿ ಪೂರಕ ಬರೆದುಕೊಡುವವರು ಸಿಗುತ್ತಾರೆ. ನವಜಾತ ಶಿಶುವಿನ ರಕ್ತದ ಚುಕ್ಕೆ ಉಪಯುಕ್ತವಾಗಿರುವುದು ಅದು ಹೆಚ್ಚು ಅಣುಗಳನ್ನು ಅಳೆಯುವುದರಿಂದಲ್ಲ. ಅಲ್ಲಿ ಅಳೆಯುವ ಪ್ರತಿ ಅಣುವಿನ ಹಿಂದೆ ಯಾವ ಹೆಜ್ಜೆ ತಪ್ಪಿದೆ, ತಪ್ಪಿದ್ದರೆ ಏನು ಮಾಡಬೇಕು ಎಂಬ ತಿಳಿವಳಿಕೆ ಇರುವುದರಿಂದ.

ಕಿರಿಯ ಗ್ಯಾರಡ್ ವಿವರಿಸಿದ ಆಲ್ಕಪ್ಟೊನೂರಿಯಕ್ಕೆ ಔಷಧವೊಂದು ಅಧಿಕೃತವಾಗಿ ದೊರಕಲು ಒಂದು ಶತಮಾನಕ್ಕೂ ಹೆಚ್ಚು ಬೇಕಾಯಿತು. ಹೋಮೊಜೆಂಟಿಸಿಕ್ ಆಮ್ಲ ವರ್ಷಗಟ್ಟಲೆ ಮೃದ್ವಸ್ಥಿಯಲ್ಲಿ ಸೇರಿ ಅದನ್ನು ಕಪ್ಪಾಗಿಸಿ ಪೆಡಸು ಮಾಡುವುದರಿಂದ, ನಡುವಯಸ್ಸಿಗೆ ಬರುವಷ್ಟರಲ್ಲಿ ಬೆನ್ನುಮೂಳೆ, ಮಂಡಿ, ಸೊಂಟದ ಕೀಲುಗಳು ಸವೆದುಹೋಗುತ್ತವೆ. ಕಳೆಗಳನ್ನು ಕೊಲ್ಲುವ ರಾಸಾಯನಿಕಗಳ ಹುಡುಕಾಟದಲ್ಲಿ ಸಿಕ್ಕ ನಿಟಿಸಿನೋನ್ ಎಂಬ ಅಣು, ಟೈರೊಸಿನ್‌ನಿಂದ ಹೋಮೊಜೆಂಟಿಸಿಕ್ ಆಮ್ಲ ಆಗುವ ದಾರಿಯ ಒಂದು ಕಿಣ್ವವನ್ನು ತಡೆಯುತ್ತದೆ. ಮೊದಲು ಅದೇ ದಾರಿಯ ಇನ್ನೊಂದು ಹುಟ್ಟುದೋಷವಾದ ಟೈರೊಸಿನೀಮಿಯದಲ್ಲಿ ಶಿಶುಗಳ ಜೀವ ಉಳಿಸಿದ ಈ ಔಷಧ, ದಿನಕ್ಕೆ 10 ಮಿಲಿಗ್ರಾಂ ಪ್ರಮಾಣದಲ್ಲಿ ಆಲ್ಕಪ್ಟೊನೂರಿಯ ರೋಗಿಗಳ ಮೂತ್ರದ ಹೋಮೊಜೆಂಟಿಸಿಕ್ ಆಮ್ಲವನ್ನು ಶೇಕಡ 99ಕ್ಕಿಂತ ಹೆಚ್ಚು ಇಳಿಸಿತು. ಕಾಯಿಲೆ ಮುಂದುವರಿಯುವ ವೇಗವೂ ತಗ್ಗಿತು. 2020ರಲ್ಲಿ ಯುರೋಪಿನ ಒಕ್ಕೂಟ ವಯಸ್ಕರಿಗೆ ಇದನ್ನು ಒಪ್ಪಿತು. ಆದರೆ ದಾರಿಯನ್ನು ಮೇಲಿನ ಹಂತದಲ್ಲಿ ಮುಚ್ಚಿದರೆ ಅದಕ್ಕೂ ಮೇಲಿನದು ತುಂಬಿಕೊಳ್ಳಲೇಬೇಕು. ಔಷಧ ತೆಗೆದುಕೊಳ್ಳುವವರ ರಕ್ತದಲ್ಲಿ ಟೈರೊಸಿನ್ ಹಲವು ಪಟ್ಟು ಏರುತ್ತದೆ, ಕೆಲವರ ಕಣ್ಣಿನ ಪಾರದರ್ಶಕ ಪಟಲದಲ್ಲಿ ಅದು ಹರಳುಗಟ್ಟಿ ಉರಿ, ನೋವು ತರುತ್ತದೆ. ಆದ್ದರಿಂದ ಅವರು ಪ್ರೋಟೀನ್ ಮಿತವಾಗಿರುವ ಆಹಾರ ತೆಗೆದುಕೊಳ್ಳುತ್ತಾರೆ, ಕಣ್ಣಿನ ತಪಾಸಣೆಗೆ ಬರುತ್ತಿರುತ್ತಾರೆ, ಮತ್ತು ವೈದ್ಯರು ಪ್ರತಿ ಭೇಟಿಯಲ್ಲೂ ಕಪ್ಪು ಬಣ್ಣ ತರುವ ಆ ಹಳೆಯ ಅಣುವಿನ ಜೊತೆಗೆ ಟೈರೊಸಿನ್ ಎಷ್ಟಿದೆ ಎಂದೂ ನೋಡುತ್ತಾರೆ.